ವಿಕಿ ಪುಟದಲ್ಲಿ ಬಣ್ಣದ ಅಕ್ಷರ: ತೆಗೆಯಬೇಕೇ, ಉಳಿಸಬಹುದೇ?

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಐದಾರು ಜನ ಶಿಕ್ಷಕರು ಸೇರಿ ಒಂದು ವಿಕಿಯಲ್ಲಿ ಕನ್ನಡ ಸಂಧಿಗಳ ಪುಟ ಕಟ್ಟುತ್ತಿದ್ದೇವೆ. ಲೋಪವಾಗುವ ಅಕ್ಷರಕ್ಕೆ ಕೆಂಪು, ಆಗಮಕ್ಕೆ ಹಸಿರು, ಆದೇಶಕ್ಕೆ ನೀಲಿ ಕೊಟ್ಟಿದ್ದೆ. ಇನ್ನೂ ಪರಿಶೀಲಿಸದ ಸಾಲುಗಳಿಗೆ ಕಿತ್ತಳೆ ಬಣ್ಣ. ಮಕ್ಕಳು ಎಡವುವ ಕಡೆ ಎಚ್ಚರಿಕೆಯ ಮಾತುಗಳೂ ಕೆಂಪಿನಲ್ಲೇ ಇದ್ದವು. ಹೋದ ವಾರ ಇನ್ನೊಬ್ಬ ಸಂಪಾದಕರು ಎಲ್ಲ ಬಣ್ಣವನ್ನೂ ತೆಗೆದುಹಾಕಿ, ಸಂಪಾದನೆಯ ಸಾರಾಂಶದಲ್ಲಿ ‘ಬಣ್ಣ ಎಲ್ಲರಿಗೂ ಕಾಣುವುದಿಲ್ಲ’ ಎಂದು ಬರೆದಿದ್ದಾರೆ. ಬಣ್ಣ ಹಾಕುವುದೇ ತಪ್ಪಾ? ಮಕ್ಕಳಿಗೆ ಬಣ್ಣದಿಂದ ಬೇಗ ಅರ್ಥವಾಗುತ್ತದೆ, ಅಲ್ವಾ?

ಉತ್ತರ: ಮೇಷ್ಟ್ರೇ, ಬಣ್ಣ ಹಾಕಿದ್ದು ತಪ್ಪಲ್ಲ. ಬಣ್ಣದಿಂದ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ ಅನ್ನುವುದೂ ನಿಜ. ತೊಂದರೆ ಇರುವುದು ಬೇರೆ ಕಡೆ. ಯಾವ ಅಕ್ಷರ ಹೋಯಿತು, ಯಾವುದು ಬಂತು ಎಂಬ ಮಾತನ್ನು ನಿಮ್ಮ ಪುಟದಲ್ಲಿ ಬಣ್ಣ ಒಂದೇ ಹೇಳುತ್ತಿತ್ತು. ಅಕ್ಷರಗಳಲ್ಲಿ ಅದು ಎಲ್ಲೂ ಇರಲಿಲ್ಲ. ಹಾಗಾಗಿಯೇ ಆ ಸಂಪಾದಕರು ಬಣ್ಣ ತೆಗೆದ ಕೂಡಲೇ ಅರ್ಥವೂ ಹೊರಟುಹೋಯಿತು. ಅವರ ಕಾಳಜಿ ಸರಿ, ಕೆಲಸ ಮಾತ್ರ ಅರ್ಧಕ್ಕೆ ನಿಂತಿದೆ. ಬಣ್ಣ ತೆಗೆಯುವ ಮೊದಲು ಅದು ಹೇಳುತ್ತಿದ್ದುದನ್ನು ಮಾತಿನಲ್ಲಿ ಬರೆದಿಡಬೇಕಿತ್ತು. ಈಗ ನಿಮ್ಮ ಪುಟ ಕಣ್ಣು ಚೆನ್ನಾಗಿರುವವರಿಗೂ ಅರ್ಧಂಬರ್ಧವಾಗಿದೆ.

ಒಂದು ಸಂಗತಿ ಹೇಳುತ್ತೇನೆ. ಕಣ್ಣು ಕಾಣದ ನನ್ನ ಗೆಳತಿಯೊಬ್ಬರು ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್, ಅಂದರೆ ತೆರೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ, ಬಳಸುತ್ತಾರೆ. ಅದು ಉಚಿತ. ಇ-ಸ್ಪೀಕ್ ದನಿಯಲ್ಲಿ ಕನ್ನಡವನ್ನೂ ಓದುತ್ತದೆ. ಒಮ್ಮೆ ಅವರ ಪಕ್ಕ ಕುಳಿತು ಒಂದು ಪಾಠದ ಪುಟ ಕೇಳುತ್ತಿದ್ದೆ. ‘ಕೆಂಪು ಬಣ್ಣದ ಪದಗಳನ್ನು ಗಮನಿಸಿ’ ಎಂದು ಯಂತ್ರ ಓದಿತು. ಆಮೇಲೆ ಹತ್ತು ವಾಕ್ಯ ಒಂದೇ ದನಿಯಲ್ಲಿ ಸರಸರನೆ ಓದಿ ಮುಗಿಸಿತು. ಅವರು ನನ್ನ ಕಡೆ ತಿರುಗಿ, ‘ಯಾವುವು?’ ಎಂದರು. ನಾನು ತೆರೆ ನೋಡಿ ಒಂದೊಂದಾಗಿ ಹೇಳಿದೆ. ನಾನು ಪಕ್ಕದಲ್ಲಿ ಇಲ್ಲದಿದ್ದರೆ ಆ ಪಾಠ ಅವರಿಗೆ ಅಲ್ಲಿಗೆ ಮುಗಿದಂತೆ.

ಎನ್‌ವಿಡಿಎಯಲ್ಲಿ ಬಣ್ಣ ಹೇಳಿಸುವ ಸೆಟ್ಟಿಂಗ್ ಇದೆ. ಆದರೆ ಅದು ಮೊದಲಿಂದಲೇ ಆನ್ ಆಗಿರುವುದಿಲ್ಲ, ಮತ್ತು ಆನ್ ಮಾಡಿಕೊಂಡರೆ ಪ್ರತಿ ಕೊಂಡಿಗೂ, ಪ್ರತಿ ತಲೆಬರಹಕ್ಕೂ ಬಣ್ಣದ ಹೆಸರು ಕೇಳಬೇಕಾಗುತ್ತದೆ. ಓದಿನ ಓಟವೇ ಕೆಡುತ್ತದೆ. ದಪ್ಪಕ್ಷರದ ಕಥೆಯೂ ಹೀಗೇ. ಎರಡೂ ಬದಿಗೆ ಮೂರು ಮೂರು ಅಪಾಸ್ಟ್ರಫಿ (') ಹಾಕಿ ದಪ್ಪ ಮಾಡಿದ ಪದವನ್ನೂ ಸ್ಕ್ರೀನ್ ರೀಡರ್ ಸಾಮಾನ್ಯವಾಗಿ ಸಾದಾ ಪದದ ಹಾಗೇ ಓದಿ ಮುಂದೆ ಹೋಗುತ್ತದೆ. ‘ಬಣ್ಣ ಬೇಡವೆಂದರೆ ದಪ್ಪ ಮಾಡಿಬಿಡುತ್ತೇನೆ’ ಅಂದುಕೊಂಡಿದ್ದರೆ, ಕಿವಿಯಿಂದ ಓದುವವರಿಗೆ ಅದರಿಂದ ಹೆಚ್ಚೇನೂ ಬದಲಾಗುವುದಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಬಣ್ಣದ ಆಸೆ ಸ್ವಲ್ಪ ಜಾಸ್ತಿ. ಅದಕ್ಕೆ ಕಾರಣವೂ ಇದೆ. ಇಂಗ್ಲಿಷಿನವರು ಒತ್ತು ಬೇಕಾದರೆ ದೊಡ್ಡಕ್ಷರ ಬಳಸುತ್ತಾರೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬುದೇ ಇಲ್ಲ. ಅವರು ಅಕ್ಷರ ವಾಲಿಸುತ್ತಾರೆ. ನಮ್ಮ ದುಂಡು ಅಕ್ಷರಗಳನ್ನು ವಾಲಿಸಿದರೆ ಚೆನ್ನಾಗಿ ಕಾಣುವುದಿಲ್ಲ, ಹೆಚ್ಚಿನ ಫಾಂಟುಗಳಲ್ಲಿ ಅದಕ್ಕೆಂದೇ ಬರೆದ ರೂಪವೂ ಇರುವುದಿಲ್ಲ, ಬ್ರೌಸರ್ ಸುಮ್ನೆ ಬಲಕ್ಕೆ ಬಾಗಿಸಿ ತೋರಿಸುತ್ತದೆ. ಸಣ್ಣ ಗಾತ್ರದಲ್ಲಿ ದಪ್ಪ ಮಾಡಿದರೆ ಒತ್ತಕ್ಷರಗಳ ಒಳಗಿನ ಜಾಗ ಮುಚ್ಚಿಕೊಳ್ಳುತ್ತದೆ. ಅಡಿಗೆರೆ ಎಳೆದರೆ ಜನ ಕೊಂಡಿ ಅಂದುಕೊಂಡು ಒತ್ತುತ್ತಾರೆ. ಉಳಿದದ್ದು ಬಣ್ಣ. ನೀವು ಆ ಕಡೆ ಹೋದದ್ದು ಸಹಜ.

ಆದರೆ ಬಣ್ಣದಿಂದ ಹೆಚ್ಚು ಪೆಟ್ಟು ತಿನ್ನುವ ಲಿಪಿಯೂ ನಮ್ಮದೇ. ‘ದನ’ ಮತ್ತು ‘ಧನ’ ಎರಡನ್ನೂ ಬರೆದು ಹತ್ತಿರದಿಂದ ನೋಡಿ. ಕೊಟ್ಟಿಗೆಯಲ್ಲಿರುವುದಕ್ಕೂ ಪೆಟ್ಟಿಗೆಯಲ್ಲಿರುವುದಕ್ಕೂ ನಡುವೆ ಇರುವುದು ಕೆಳಗಿನ ಒಂದು ಪುಟ್ಟ ಗೀಟು ಮಾತ್ರ. ಪ ಮತ್ತು ಫ, ಡ ಮತ್ತು ಢ, ಎಲ್ಲದರಲ್ಲೂ ಅಷ್ಟೇ. ಕಪ್ಪಿನಲ್ಲಿ ಬರೆದಾಗ ಆ ಗೀಟು ಕಾಣುತ್ತದೆ. ಕಿತ್ತಳೆಯಲ್ಲೋ ತಿಳಿ ಹಸಿರಿನಲ್ಲೋ ಬರೆದಾಗ ಮೊದಲು ಮಾಯವಾಗುವುದು ಅದೇ. ಕಣ್ಣಿನ ಪೊರೆ ಬೆಳೆಯುತ್ತಿರುವ ಹಿರಿಯರಿಗೆ, ಬಿಸಿಲಲ್ಲಿ ಬಸ್ಸಿಗೆ ಕಾಯುತ್ತಾ ಮೊಬೈಲ್ ನೋಡುವವರಿಗೆ ಅದು ಇಲ್ಲವೇ ಇಲ್ಲ. ವ್ಯಾಕರಣದ ಪುಟದಲ್ಲಿ ಅಲ್ಪಪ್ರಾಣ, ಮಹಾಪ್ರಾಣ ಗೊತ್ತಾಗದೇ ಹೋದರೆ ಇನ್ನೇನು ಉಳಿಯಿತು?

ಇದನ್ನು ಅಳೆಯುವುದಕ್ಕೆ ಲೆಕ್ಕವಿದೆ. ಅಂತರಜಾಲದ ಪುಟಗಳನ್ನು ಎಲ್ಲರೂ ಬಳಸುವಂತೆ ಮಾಡಲು ವೆಬ್ಬಿನ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಡಬ್ಲ್ಯುಸಿಎಜಿ ಎಂಬ ಮಾರ್ಗಸೂಚಿ ಕೊಟ್ಟಿದೆ. ಮೊದಲ ಆವೃತ್ತಿ ಬಂದದ್ದು 1999ರಲ್ಲಿ, 2.2 ಆವೃತ್ತಿ 2023ರಲ್ಲಿ. ಅದರಲ್ಲಿ ನಿಮಗೆ ಬೇಕಾದ ನಿಯಮ ಎರಡು. ಒಂದು, ಯಾವ ಮಾಹಿತಿಯನ್ನೂ ಬಣ್ಣ ಒಂದರಿಂದಲೇ ತಿಳಿಸಬಾರದು. ಇದು ತೀರಾ ಮೊದಲ ಹಂತದ, ಎ ದರ್ಜೆಯ ನಿಯಮ. ಇನ್ನೊಂದು, ಅಕ್ಷರಕ್ಕೂ ಹಿಂದಿನ ಬಣ್ಣಕ್ಕೂ ನಡುವಿನ ಬೆಳಕಿನ ಅಂತರ ಕಡಿಮೆಯೆಂದರೂ 4.5ಕ್ಕೆ 1 ಇರಬೇಕು. ದೊಡ್ಡ ಅಕ್ಷರಕ್ಕೆ, ಅಂದರೆ 18 ಪಾಯಿಂಟ್ ಅಥವಾ ದಪ್ಪವಾಗಿ 14 ಪಾಯಿಂಟ್ ಇದ್ದರೆ, 3ಕ್ಕೆ 1 ಸಾಕು. ವಿಕಿಯ ಸಾಮಾನ್ಯ ಬರಹ ಅಷ್ಟು ದೊಡ್ಡದಿರುವುದಿಲ್ಲ. ಹಾಗಾಗಿ 4.5 ಎಂದೇ ನೆನಪಿಡಿ. ಬಿಳಿ ಮೇಲೆ ಕಪ್ಪು ಬರೆದರೆ 21. ಅದಕ್ಕಿಂತ ಜಾಸ್ತಿ ಇಲ್ಲ.

ಈಗ ನಿಮ್ಮ ಬಣ್ಣಗಳನ್ನು ಇದರಲ್ಲಿ ಅಳೆಯೋಣ. ವಿಕಿಯಲ್ಲಿ ‘ರೆಡ್’ ಎಂದು ಬರೆದಾಗ ಬರುವ ಕೆಂಪು, ಬಿಳಿಯ ಮೇಲೆ 4ರ ಹತ್ತಿರ ನಿಲ್ಲುತ್ತದೆ. ಸ್ವಲ್ಪದರಲ್ಲೇ ಫೇಲು. ‘ಆರೆಂಜ್’ ಎಂಬ ಕಿತ್ತಳೆ 2ಕ್ಕೂ ಕಡಿಮೆ. ‘ಲೈಮ್’ ಎಂಬ ಎಳೆ ಹಸಿರು 1.4 ಕೂಡ ಇಲ್ಲ. ಹಳದಿ ಬಿಳಿಯ ಮೇಲೆ 1.07, ಅಂದರೆ ಬರೆದೂ ಬರೆಯದ ಹಾಗೆ. ‘ಗ್ರೀನ್’ ಎಂಬ ಹಸಿರು 5.1, ಪಾಸು. ‘ಬ್ಲೂ’ ಎಂಬ ನೀಲಿ 8.6, ‘ಮರೂನ್’ 11ರ ಹತ್ತಿರ, ‘ನೇವಿ’ 16. ಕೆಂಪೇ ಬೇಕೆಂದರೆ ಹ್ಯಾಶ್ ಚಿಹ್ನೆ ಹಾಕಿ ಸಿ ಸಿ, ಆಮೇಲೆ ನಾಲ್ಕು ಸೊನ್ನೆ ಬರೆಯಿರಿ. ಅದು 5.9 ಕೊಡುತ್ತದೆ. ನೋಡುವುದಕ್ಕೂ ಕೆಂಪೇ, ಓದುವುದಕ್ಕೂ ಸುಲಭ. ಇವನ್ನೆಲ್ಲ ಬಾಯಿಪಾಠ ಮಾಡಬೇಕಿಲ್ಲ. ವೆಬ್‌ಏಮ್‌ನವರ ಕಾಂಟ್ರಾಸ್ಟ್ ಚೆಕರ್‌ನಲ್ಲಿ ಎರಡು ಬಣ್ಣ ಹಾಕಿದರೆ ಅಂಕಿ ತಾನೇ ಬರುತ್ತದೆ.

ನಮ್ಮ ಮೆಟ್ರೋ ಇದಕ್ಕೆ ಒಳ್ಳೆಯ ಉದಾಹರಣೆ. ಬೆಂಗಳೂರಿನಲ್ಲಿ ನೇರಳೆ, ಹಸಿರು, ಹಳದಿ ಎಂದೇ ಮಾರ್ಗಗಳ ಹೆಸರು. ವಿಕಿಯಲ್ಲಿ ಪಟ್ಟಿ ಮಾಡುವಾಗ ಮಾರ್ಗದ ಹೆಸರನ್ನು ಅದೇ ಬಣ್ಣದಲ್ಲಿ ಬರೆಯಲು ಕೈ ತುರಿಸುತ್ತದೆ. ‘ಹಳದಿ ಮಾರ್ಗ’ ಎಂದು ಹಳದಿಯಲ್ಲಿ ಬರೆದರೆ ಆ ಸಾಲೇ ಇಲ್ಲದಂತೆ ಕಾಣುತ್ತದೆ. ತಿರುಗಿಸಿ ನೋಡಿ. ಹಿಂದೆ ಹಳದಿ, ಮೇಲೆ ಕಪ್ಪು ಅಕ್ಷರ. ಅಂತರ 19 ದಾಟುತ್ತದೆ. ಬಣ್ಣವೂ ಉಳಿಯಿತು, ಓದಲೂ ಬಂತು. ಅಕ್ಷರಕ್ಕೆ ಬಣ್ಣ ಬಳಿಯುವುದಕ್ಕಿಂತ ಹಿಂದೆ ಬಣ್ಣ ಇಟ್ಟು ಮೇಲೆ ಕಪ್ಪಿನಲ್ಲಿ ಬರೆಯುವುದು ಹೆಚ್ಚಿನ ಕಡೆ ಒಳ್ಳೆಯದು ಅಂತ ನನ್ನ ಅನುಭವ.

ಕೆಂಪು ಮತ್ತು ಹಸಿರಿನ ಜೋಡಿ ಬಗ್ಗೆ ಸ್ವಲ್ಪ ನಿಧಾನಿಸಿ ಹೇಳಬೇಕು. ನಿಮ್ಮ ಇಡೀ ಪುಟ ಅದರ ಮೇಲೇ ನಿಂತಿತ್ತು. ಕೆಂಪು–ಹಸಿರಿನ ವ್ಯತ್ಯಾಸ ಸರಿಯಾಗಿ ಕಾಣದಿರುವುದು ಬಹುಪಾಲು ಹುಟ್ಟಿನಿಂದಲೇ ಬರುತ್ತದೆ, ಹುಡುಗರಲ್ಲಿ ಜಾಸ್ತಿ. ಅದರ ಜೀನ್ ಇರುವುದು ಎಕ್ಸ್ ಕ್ರೋಮೊಸೋಮಿನಲ್ಲಿ. ಗಂಡಸರಿಗೆ ಅದು ಒಂದೇ ಇರುವುದರಿಂದ ಒಂದು ಕೆಟ್ಟರೆ ಇನ್ನೊಂದರ ಆಸರೆ ಇಲ್ಲ. ಯುರೋಪು ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಜನರಿಗೆ ಇದು ಇದೆ. ಇವರಲ್ಲಿ ಎಷ್ಟೋ ಮಂದಿಗೆ ದೊಡ್ಡವರಾಗುವ ತನಕ ತಮಗೆ ಹೀಗಿದೆ ಅಂತಲೇ ಗೊತ್ತಿರುವುದಿಲ್ಲ. ಚುಕ್ಕೆಗಳ ನಡುವೆ ಅಂಕಿ ಅಡಗಿರುವ ಇಶಿಹಾರ ಚಿತ್ರ ತೋರಿಸಿದಾಗಲೇ ಬೆಳಕಿಗೆ ಬರುವುದು.

ನಿಮ್ಮ ತರಗತಿಯಲ್ಲೂ ಅಂಥ ಹುಡುಗ ಇರಬಹುದು. ಅವನಿಗೆ ಕೆಂಪು ಕಾಣುವುದೇ ಇಲ್ಲ ಅಂತಲ್ಲ. ಕೆಂಪು, ಹಸಿರು, ಕಂದು ಮೂರೂ ಒಂದೇ ಬಗೆಯ ಮಣ್ಣು ಬಣ್ಣವಾಗಿ ಕಾಣಬಹುದು. ಕೆಲವರಿಗೆ ಕೆಂಪು ತೀರಾ ಕಪ್ಪಾಗಿ, ಸಾದಾ ಅಕ್ಷರದ ಜೊತೆಗೇ ಬೆರೆತುಹೋಗುತ್ತದೆ. ನೀವು ಬಳಸಿದ ಕೆಂಪು ಮತ್ತು ಹಸಿರಿನ ನಡುವಿನ ಬೆಳಕಿನ ಅಂತರ ಲೆಕ್ಕ ಹಾಕಿದರೆ 1.3 ಕೂಡ ಬರುವುದಿಲ್ಲ. ಅಂದರೆ ಬಣ್ಣ ಗುರುತಾಗದಿದ್ದರೆ ಕಡು, ತಿಳಿ ಎಂಬ ವ್ಯತ್ಯಾಸವೂ ಕೈಹಿಡಿಯುವುದಿಲ್ಲ. ಲೋಪ ಯಾವುದು, ಆಗಮ ಯಾವುದು ಎಂದು ಅವನು ತಪ್ಪು ಬರೆದರೆ ಅವನಿಗೆ ವ್ಯಾಕರಣ ಬಾರದು ಅಂದುಕೊಳ್ಳುತ್ತೀರಿ. ನನಗೆ ಇದೇ ದೊಡ್ಡ ಸಂಕಟ. ಮಗು ಕೇಳುವುದೂ ಇಲ್ಲ, ಯಾಕೆಂದರೆ ಕೇಳಬೇಕಾದದ್ದು ಏನಾದರೂ ಅಲ್ಲಿದೆ ಅಂತಲೇ ಅದಕ್ಕೆ ತಿಳಿಯುವುದಿಲ್ಲ.

ಬಣ್ಣದ ಜೊತೆ ಇನ್ನೊಂದು ಗುರುತು ಇಡುವುದು ಹೊಸ ಯೋಚನೆಯೇನಲ್ಲ. ಗೋಡೆ ಕ್ಯಾಲೆಂಡರಿನಲ್ಲಿ ರಜೆಯ ದಿನ ಕೆಂಪು ಅಂಕಿ ಇರುತ್ತದೆ, ಕೆಳಗೆ ಹಬ್ಬದ ಹೆಸರೂ ಇರುತ್ತದೆ. ಬಿಸ್ಕೆಟ್ ಪೊಟ್ಟಣದ ಮೇಲೆ ಸಸ್ಯಾಹಾರಕ್ಕೆ ಹಸಿರು ಚುಕ್ಕೆ, ಮಾಂಸಾಹಾರಕ್ಕೆ ಕಂದು ಚುಕ್ಕೆ ಇರುತ್ತಿತ್ತು, ಎರಡೂ ದುಂಡಗೆ. 2020ರ ಲೇಬಲ್ ನಿಯಮದಲ್ಲಿ ಮಾಂಸಾಹಾರದ ಗುರುತನ್ನು ತ್ರಿಕೋನ ಮಾಡಿದರು. ಈಗ ಹಸಿರು–ಕಂದು ಗೊತ್ತಾಗದವರೂ ಆಕಾರ ನೋಡಿದರೆ ಸಾಕು. ವಿಕಿಯ ಒಳಗೇ ನೋಡಿ. ‘ಇತ್ತೀಚಿನ ಬದಲಾವಣೆಗಳು’ ಪಟ್ಟಿಯಲ್ಲಿ ಬರಹ ಹಿಗ್ಗಿದರೆ ಹಸಿರು ಅಂಕಿ, ಕುಗ್ಗಿದರೆ ಕೆಂಪು ಅಂಕಿ. ಆದರೆ ಹಿಂದೆ ಕೂಡಿಸು, ಕಳೆ ಚಿಹ್ನೆ ಇದ್ದೇ ಇರುತ್ತದೆ. ಎರಡು ಆವೃತ್ತಿಗಳನ್ನು ಹೋಲಿಸುವ ಪುಟದಲ್ಲಿ ಹಳೆಯದಕ್ಕೆ ಹಳದಿ, ಹೊಸದಕ್ಕೆ ನೀಲಿ. ಅಲ್ಲಿ ಕೆಂಪು–ಹಸಿರಿನ ಜೋಡಿಯೇ ಇಲ್ಲ, ಜೊತೆಗೆ ಅಲ್ಲೂ ಆ ಎರಡು ಚಿಹ್ನೆ ಇವೆ.

ವಿಕಿಯಲ್ಲಿ ಕೆಂಪು ಮತ್ತು ನೀಲಿ ಅಕ್ಷರಕ್ಕೆ ಆಗಲೇ ಕೆಲಸ ಕೊಟ್ಟಾಗಿದೆ ಎನ್ನುವುದನ್ನೂ ನೆನಪಿಡಬೇಕು. ನೀಲಿ ಅಂದರೆ ಕೊಂಡಿ. ಕೆಂಪು ಅಂದರೆ ಇನ್ನೂ ಯಾರೂ ಬರೆಯದ ಪುಟದ ಕೊಂಡಿ. ಹಳೆಯ ಸಂಪಾದಕರು ಕೆಂಪು ಪದ ಕಂಡರೆ ‘ಓ, ಈ ಪುಟ ಬರೆಯಬೇಕು’ ಅಂದುಕೊಂಡು ಒತ್ತುತ್ತಾರೆ. ನಿಮ್ಮ ಆದೇಶ ಸಂಧಿಯ ನೀಲಿ ಅಕ್ಷರಗಳನ್ನು ಮಕ್ಕಳು ಖಂಡಿತ ಒತ್ತಿರುತ್ತಾರೆ, ಏನೂ ಆಗದೆ ಬೇಸರವೂ ಆಗಿರುತ್ತದೆ. ಹಾಗಾಗಿ ವಿಕಿಯ ಬರಹದ ನಡುವೆ ಒತ್ತು ಕೊಡುವುದಕ್ಕೆ ಈ ಎರಡು ಬಣ್ಣ ಬೇಡವೇ ಬೇಡ.

ಇನ್ನು ಡಾರ್ಕ್ ಮೋಡ್, ಅಂದರೆ ಕಪ್ಪು ಹಿನ್ನೆಲೆಯ ಮೇಲೆ ತಿಳಿ ಅಕ್ಷರ ತೋರಿಸುವ ನೋಟ. ಐದು ವರ್ಷದ ಹಿಂದೆ ಈ ಪ್ರಶ್ನೆ ಕೇಳಿದ್ದರೆ ಮರೂನ್ ಬಳಸಿ, ನೇವಿ ಬಳಸಿ ಎಂದು ಹೇಳಿ ಮುಗಿಸುತ್ತಿದ್ದೆ. 2024ರಿಂದ ವಿಕಿಪೀಡಿಯದಲ್ಲೇ ಡಾರ್ಕ್ ಮೋಡ್ ಬಂದಿದೆ. ರಾತ್ರಿ ಓದುವ ಮಕ್ಕಳು, ಬೆಳಕು ಚುಚ್ಚುವ ಕಣ್ಣಿನವರು ಅದನ್ನೇ ಹಾಕಿಕೊಳ್ಳುತ್ತಾರೆ. ಬಿಳಿಯ ಮೇಲೆ 11 ಅಂಕ ಪಡೆದ ಮರೂನ್ ಕಪ್ಪಿನ ಮೇಲೆ 2 ಕೂಡ ಪಡೆಯುವುದಿಲ್ಲ. 16 ಪಡೆದ ನೇವಿ 1.3ಕ್ಕೆ ಇಳಿಯುತ್ತದೆ. ಹಗಲಲ್ಲಿ ಮೊದಲ ಬೆಂಚಿನವರು ರಾತ್ರಿ ಕಾಣೆ! ಅಚ್ಚ ಬಿಳಿ, ಅಚ್ಚ ಕಪ್ಪು ಎರಡರ ಮೇಲೂ 4.5 ದಾಟುವ ಬಣ್ಣಗಳು ಇವೆ, ಆದರೆ ಆ ಓಣಿ ತುಂಬಾ ಕಿರಿದು. ಒಂದು ನಡುಬೂದಿ ಬಣ್ಣ ಎರಡೂ ಕಡೆ ಬರೀ 4.5 ಚಿಲ್ಲರೆ ಪಡೆಯುತ್ತದೆ. ಡಾರ್ಕ್ ಮೋಡಿನ ಹಿನ್ನೆಲೆ ಅಚ್ಚ ಕಪ್ಪಲ್ಲ, ಕೊಂಚ ತಿಳಿ. ಅಲ್ಲಿ ಅದೂ ಜಾರಿಹೋಗುತ್ತದೆ. ಎರಡೂ ಕಡೆ ಸಲ್ಲುವ ಒಂದೇ ಬಣ್ಣ ಹುಡುಕುತ್ತಾ ಕೂರುವುದು ದಂಡ.

ದಾರಿ ಎರಡು ಇವೆ. ಸುಲಭದ್ದು ಇದು: ಹಿನ್ನೆಲೆಗೆ ಬಣ್ಣ ಕೊಟ್ಟರೆ ಅಕ್ಷರದ ಬಣ್ಣವನ್ನೂ ಅದೇ ಜಾಗದಲ್ಲಿ ಬರೆಯಿರಿ. ತಿಳಿ ಹಳದಿ ಹಿನ್ನೆಲೆ ಕೊಟ್ಟು ಅಕ್ಷರದ ಬಗ್ಗೆ ಸುಮ್ಮನಿದ್ದರೆ, ಡಾರ್ಕ್ ಮೋಡಿನಲ್ಲಿ ಅಕ್ಷರ ತಾನೇ ಬೆಳ್ಳಗಾಗಿ, ತಿಳಿ ಹಳದಿಯ ಮೇಲೆ ಬಿಳಿ ಬಂದು ಕೂರುತ್ತದೆ. ಎರಡನ್ನೂ ಹೇಳಿದ್ದರೆ ಹಗಲೂ ರಾತ್ರಿಯೂ ಹಳದಿಯ ಮೇಲೆ ಕಪ್ಪೇ ಇರುತ್ತದೆ. ಇನ್ನೊಂದು ದಾರಿ ಟೆಂಪ್ಲೇಟಿನದು, ಅಂದರೆ ಒಮ್ಮೆ ಬರೆದಿಟ್ಟು ಬೇಕಾದ ಕಡೆಯೆಲ್ಲ ಬಳಸುವ ಅಚ್ಚಿನದು. ಒಂದು ಟೆಂಪ್ಲೇಟು ಮಾಡಿ, ಅದರ ನೋಟ ಹೇಗಿರಬೇಕು ಎಂದು ಹೇಳುವ ಟೆಂಪ್ಲೇಟ್‌ಸ್ಟೈಲ್ಸ್ ಪುಟದಲ್ಲಿ ಹಗಲಿಗೊಂದು ಬಣ್ಣ, ರಾತ್ರಿಗೊಂದು ಬಣ್ಣ ಬರೆದಿಡುವುದು. ನಿಮ್ಮಲ್ಲಿ ಪುಟದ ಬಣ್ಣ, ಅಂದ ಬರೆಯುವ ಭಾಷೆಯಾದ ಸಿಎಸ್‌ಎಸ್ ತಿಳಿದವರು ಒಬ್ಬರಿದ್ದರೆ ಅರ್ಧ ದಿನದ ಕೆಲಸ. ಹತ್ತಾರು ಜನ ತಿದ್ದುವ ಪುಟಕ್ಕೆ ಇದರಿಂದ ಇನ್ನೊಂದು ಲಾಭವಿದೆ. ನಾಳೆ ಬಣ್ಣ ಸರಿಯಿಲ್ಲ ಅನಿಸಿದರೆ ಒಂದೇ ಕಡೆ ತಿದ್ದಿದರೆ ಆಯಿತು, ಇನ್ನೂರು ಸಾಲು ಹುಡುಕಬೇಕಿಲ್ಲ. ಏನೇ ಮಾಡಿ, ಅಕ್ಷರಕ್ಕೆ ಬಣ್ಣ ಕೊಡುವ ಹಳೆಯ ಫಾಂಟ್ ಟ್ಯಾಗ್ ಮಾತ್ರ ಬಳಸಬೇಡಿ. 1997ರಲ್ಲಿ ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್ 4 ಬಂದಾಗಲೇ ಅದನ್ನು ಬಿಡಿ ಎಂದು ಹೇಳಿಯಾಗಿದೆ.

ಈಗ ನಿಮ್ಮ ಸಂಧಿ ಪಟ್ಟಿಗೆ ಬರೋಣ. ‘ಊರು + ಅಲ್ಲಿ = ಊರಲ್ಲಿ’ ತೆಗೆದುಕೊಳ್ಳಿ. ಇಲ್ಲಿ ಲೋಪವಾದದ್ದು ಉಕಾರ. ಅದನ್ನು ಕೆಂಪು ಮಾಡಬೇಕಾದರೆ ‘ರು’ ಅಕ್ಷರದಲ್ಲಿ ರ ಬಿಟ್ಟು ಕೊಂಬಿಗೆ ಮಾತ್ರ ಬಣ್ಣ ಹಾಕಬೇಕು. ಆಗುವುದಿಲ್ಲ. ಗುಣಿತಾಕ್ಷರದ ನಡುವೆ, ಒತ್ತಕ್ಷರದ ನಡುವೆ ಬಣ್ಣ ಹಾಕುವ ಸ್ಪ್ಯಾನ್ ಟ್ಯಾಗ್ ತೂರಿಸಿದರೆ ಅಕ್ಷರ ಒಡೆಯುವ ಅಪಾಯವಿದೆ. ಒಂದು ಬ್ರೌಸರಿನಲ್ಲಿ ಕೊಂಬು ಬೇರೆಯಾಗಿ ಚುಕ್ಕೆ ವೃತ್ತದ ಪಕ್ಕ ಕೂರುತ್ತದೆ, ಇನ್ನೊಂದರಲ್ಲಿ ಒತ್ತು ಕೆಳಗಿಳಿಯದೆ ಅರ್ಧಾಕ್ಷರವಾಗಿ ನಿಲ್ಲುತ್ತದೆ, ಮತ್ತೊಂದರಲ್ಲಿ ಇಡೀ ಅಕ್ಷರವೇ ಬಣ್ಣವಾಗುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ಸರಿ ಕಂಡದ್ದು ಮಗುವಿನ ಮೊಬೈಲಿನಲ್ಲಿ ಸರಿ ಇರುತ್ತದೆ ಅನ್ನುವ ಖಾತ್ರಿಯಿಲ್ಲ. ಬಣ್ಣ ಹಾಕುವುದಾದರೆ ಪೂರ್ತಿ ಅಕ್ಷರಕ್ಕೆ ಹಾಕಿ. ‘ಮಳೆಗಾಲ’ದಲ್ಲಿ ಗ ಒಂದಕ್ಕಲ್ಲ, ‘ಗಾ’ ಪೂರ್ತಿಗೆ.

ನಿಜ ಹೇಳಬೇಕೆಂದರೆ ಇದಕ್ಕೆ ಉತ್ತರ ನಿಮ್ಮ ಮೇಜಿನ ಮೇಲಿರುವ ವ್ಯಾಕರಣ ಪುಸ್ತಕದಲ್ಲೇ ಇದೆ. ಕಪ್ಪು ಶಾಯಿ ಒಂದರಲ್ಲೇ ಅಚ್ಚಾಗುತ್ತಿದ್ದ ಕಾಲದಲ್ಲಿ ಅವರು ಹೇಗೆ ಬರೆದರು? ‘ಊರು + ಅಲ್ಲಿ = ಊರಲ್ಲಿ (ಉಕಾರ ಲೋಪ)’. ‘ಮರ + ಅನ್ನು = ಮರವನ್ನು (ವಕಾರಾಗಮ)’. ‘ಮನೆ + ಅನ್ನು = ಮನೆಯನ್ನು (ಯಕಾರಾಗಮ)’. ಆದೇಶಕ್ಕೆ ‘ಬೆಟ್ಟ + ತಾವರೆ = ಬೆಟ್ಟದಾವರೆ’, ತಕಾರಕ್ಕೆ ದಕಾರ. ಆ ಕಂಸದೊಳಗಿನ ಒಂದೊಂದು ಪದ ಎಲ್ಲವನ್ನೂ ಹೇಳಿಬಿಡುತ್ತದೆ. ಸ್ಕ್ರೀನ್ ರೀಡರ್ ಅದನ್ನು ಓದುತ್ತದೆ. ಝೆರಾಕ್ಸ್ ಮಾಡಿದರೂ ಉಳಿಯುತ್ತದೆ. ಯಾರಾದರೂ ಆ ಸಾಲು ನಕಲಿಸಿ ವಾಟ್ಸಾಪಿನಲ್ಲಿ ಕಳಿಸಿದರೂ ಹೋಗುವುದಿಲ್ಲ. ಬಣ್ಣವಾದರೆ ಮೂರೂ ಕಡೆ ಕಳೆದುಹೋಗುತ್ತದೆ.

ವಿಕಿಯಲ್ಲಿ ಇದನ್ನು ಪಟ್ಟಿ ಮಾಡುವಾಗ ನಾನಾದರೆ ಕಂಸ ಬಿಟ್ಟು ಒಂದು ಕಾಲಂ ಸೇರಿಸುತ್ತೇನೆ. ಮೊದಲ ಕಾಲಂ ಬಿಡಿಸಿದ ರೂಪ, ಎರಡನೆಯದು ಸಂಧಿಯಾದ ರೂಪ, ಮೂರನೆಯದು ‘ಏನಾಯಿತು’. ಮೂರನೆಯದರಲ್ಲಿ ‘ವ ಬಂತು’, ‘ಉ ಹೋಯಿತು’, ‘ಕ ಹೋಗಿ ಗ ಬಂತು’ ಎಂದು ಮಕ್ಕಳ ಮಾತಿನಲ್ಲೇ ಬರೆಯಿರಿ. ಕಾಲಮ್ಮಿನ ತಲೆಬರಹವನ್ನು ವಿಕಿಯ ತಲೆಬರಹದ ಚಿಹ್ನೆಯಿಂದಲೇ ಗುರುತಿಸಿ, ಸುಮ್ನೆ ದಪ್ಪ ಮಾಡಿ ಬಿಡಬೇಡಿ. ಆಗ ಸ್ಕ್ರೀನ್ ರೀಡರ್ ಪಟ್ಟಿಯ ಪ್ರತಿ ಮನೆಗೆ ಬಂದಾಗ ‘ಏನಾಯಿತು: ವ ಬಂತು’ ಎಂದು ಹೇಳಬಲ್ಲದು. ಇಷ್ಟು ಮಾಡಿದ ಮೇಲೆ ‘ಮರವನ್ನು’ ಪದದಲ್ಲಿ ವಕಾರಕ್ಕೆ ತಿಳಿ ಹಳದಿ ಹಿನ್ನೆಲೆ ಕೊಡಿ, ಕಪ್ಪಕ್ಷರವನ್ನೂ ಹೇಳಿಡಿ. ಯಾರಿಗೂ ತೊಂದರೆಯಿಲ್ಲ, ಕಾಣುವ ಮಕ್ಕಳಿಗೆ ಅನುಕೂಲ. ಮೂರು ಬಗೆಗೆ ಮೂರು ಬಣ್ಣವೂ ಬೇಡ. ‘ಇಲ್ಲಿ ನೋಡು’ ಎನ್ನುವುದಕ್ಕೆ ಒಂದೇ ಬಣ್ಣ ಸಾಕು, ಯಾವ ಬಗೆ ಎನ್ನುವುದನ್ನು ಕಾಲಂ ಹೇಳುತ್ತದೆ.

ಎಚ್ಚರಿಕೆಯ ಮಾತುಗಳ ವಿಷಯಕ್ಕೆ ಬಂದರೆ, ಒತ್ತು ಕೊಡಲು ನಮ್ಮ ಭಾಷೆಯಲ್ಲೇ ಎಷ್ಟೊಂದು ದಾರಿಗಳಿವೆ ನೋಡಿ. ‘ಸ್ವರದ ಮುಂದೆ ಸ್ವರ ಬಂದಾಗ ಲೋಪ ಸಂಧಿ’ ಎಂಬ ವಾಕ್ಯದಲ್ಲಿ ಎರಡನೆಯ ‘ಸ್ವರ’ ಪದವನ್ನು ಕೆಂಪು ಮಾಡಿದ್ದಿರಿ ಅಂದುಕೊಳ್ಳೋಣ. ಕೆಂಪಿನಿಂದ ನೀವು ಹೇಳಹೊರಟದ್ದು, ವ್ಯಂಜನ ಬಂದರೆ ಆಗುವುದಿಲ್ಲ ಎಂದು. ಅದನ್ನೇ ಬರೆಯಬಹುದು: ‘ಮುಂದೆಯೂ ಸ್ವರವೇ ಬರಬೇಕು. ವ್ಯಂಜನ ಬಂದರೆ ಲೋಪ ಸಂಧಿ ಆಗುವುದೇ ಇಲ್ಲ.’ ಆ ಒಂದು ಏಕಾರ ಕೆಂಪು ಬಣ್ಣದ ಕೆಲಸವನ್ನೆಲ್ಲ ಮಾಡುತ್ತದೆ, ಮತ್ತು ಅದು ಕಿವಿಗೂ ಕೇಳುತ್ತದೆ. ‘ಸ್ವರ’ ಮತ್ತು ‘ಸ್ವರವೇ’, ‘ಬೇಡ’ ಮತ್ತು ‘ಬೇಡವೇ ಬೇಡ’, ‘ನೆನಪಿಡಿ’ ಎಂದು ಮೊದಲೇ ಹೇಳುವುದು, ಮುಖ್ಯ ಮಾತನ್ನು ವಾಕ್ಯದ ತುದಿಗೆ ತರುವುದು, ಇವೆಲ್ಲ ದೊಡ್ಡಕ್ಷರ ಇಲ್ಲದ ನಮಗೆ ಭಾಷೆಯೇ ಕೊಟ್ಟಿರುವ ಅನುಕೂಲಗಳು. ದೊಡ್ಡ ಎಚ್ಚರಿಕೆಯಾದರೆ ‘ಗಮನಿಸಿ’ ಎಂಬ ಪದದಿಂದ ಶುರುಮಾಡಿ ಬೇರೆ ಸಾಲಿನಲ್ಲಿ, ಬೇಕಾದರೆ ಚೌಕಟ್ಟಿನೊಳಗೆ ಇಡಿ. ಒಂದು ಪರದೆಯಲ್ಲಿ ಅಂಥ ಚೌಕಟ್ಟು ಒಂದೇ ಇರಲಿ. ಹತ್ತು ಕಡೆ ಒತ್ತು ಕೊಟ್ಟರೆ ಯಾವುದಕ್ಕೂ ಒತ್ತು ಇಲ್ಲದಂತಾಗುತ್ತದೆ.

ಪರಿಶೀಲಿಸದ ಸಾಲುಗಳ ಕಿತ್ತಳೆ ಬಣ್ಣ ತೆಗೆದುಬಿಡಿ. ಅದು ಓದುಗರಿಗಲ್ಲ, ನಿಮ್ಮ ತಂಡದೊಳಗಿನ ಮಾತು. ಹೊಸದಾಗಿ ಸೇರಿದ ಶಿಕ್ಷಕರಿಗೆ ಕಿತ್ತಳೆ ಅಂದರೆ ಏನು ಅಂತ ಯಾರು ಹೇಳುತ್ತಾರೆ? ಪಟ್ಟಿಯ ಕೊನೆಯಲ್ಲಿ ‘ಸ್ಥಿತಿ’ ಎಂಬ ಕಾಲಂ ಇಟ್ಟು ‘ನೋಡಿಯಾಯಿತು’, ‘ಬಾಕಿ’ ಎಂದು ಪದದಲ್ಲೇ ಬರೆಯಿರಿ. ಸರಿ ಗುರುತು, ತಪ್ಪು ಗುರುತಿನ ಚಿತ್ರ ಬೇಡ, ಕೆಲವು ಸ್ಕ್ರೀನ್ ರೀಡರುಗಳು ಅವನ್ನು ನುಂಗಿಬಿಡುತ್ತವೆ. ಪದವಿದ್ದರೆ ಇನ್ನೊಂದು ಅನುಕೂಲ, ‘ಬಾಕಿ’ ಎಂದು ಹುಡುಕಿದರೆ ಎಲ್ಲ ಸಾಲೂ ಸಿಗುತ್ತವೆ. ಬಣ್ಣವನ್ನು ಹುಡುಕಲು ಬರುವುದಿಲ್ಲ. ಚರ್ಚೆಪುಟದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಣ್ಣ ಇಟ್ಟುಕೊಂಡಿದ್ದರೆ ಅದನ್ನೂ ಬಿಡಿ. ನಾಲ್ಕು ಟಿಲ್ಡೆ (~) ಹಾಕಿದರೆ ಹೆಸರು, ದಿನ, ಹೊತ್ತು ಎಲ್ಲ ತಾನೇ ಬರುತ್ತದೆ.

ಉಳಿಸುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಮೊಬೈಲಿನ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗಿನಲ್ಲಿ ತೆರೆಯನ್ನು ಬೂದು ಬಣ್ಣಕ್ಕೆ ತಿರುಗಿಸುವ ಗ್ರೇಸ್ಕೇಲ್ ಆಯ್ಕೆ ಸಿಗುತ್ತದೆ. ಅದನ್ನು ಹಾಕಿಕೊಂಡು ನಿಮ್ಮ ಪುಟ ಓದಿ. ಆಮೇಲೆ ಡಾರ್ಕ್ ಮೋಡಿನಲ್ಲಿ ಇನ್ನೊಮ್ಮೆ. ಕೊನೆಗೆ ಆಂಡ್ರಾಯ್ಡಿನ ಸ್ಕ್ರೀನ್ ರೀಡರ್ ಆದ ಟಾಕ್‌ಬ್ಯಾಕ್ ಆನ್ ಮಾಡಿ, ಕಣ್ಣು ಮುಚ್ಚಿ ಎರಡು ಸಾಲು ಕೇಳಿ. ಮೊದಲ ಸಲ ಟಾಕ್‌ಬ್ಯಾಕ್ ಆಫ್ ಮಾಡಲು ಪರದಾಡುತ್ತೀರಿ, ಅದಕ್ಕೆ ಆಫ್ ಮಾಡುವುದು ಹೇಗೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಇಡೀ ತಂಡದವರು ಒಮ್ಮೆ ಹೀಗೆ ಕೇಳಿಸಿಕೊಂಡರೆ ಆಮೇಲೆ ಯಾರಿಗೂ ನಿಯಮ ನೆನಪಿಸಬೇಕಾಗುವುದಿಲ್ಲ.

ಆ ಸಂಪಾದಕರು ಮಾಡಿದ್ದನ್ನು ರದ್ದು ಮಾಡಿ ಹಳೆಯ ಬಣ್ಣಗಳನ್ನು ವಾಪಸ್ ತರಬೇಡಿ. ಪುಟದ ‘ಇತಿಹಾಸ’ಕ್ಕೆ ಹೋಗಿ, ಅವರ ಬದಲಾವಣೆಗೆ ಹಿಂದಿನ ಆವೃತ್ತಿ ತೆರೆಯಿರಿ. ನಿಮ್ಮ ಕೆಂಪು, ಹಸಿರು, ನೀಲಿ ಎಲ್ಲ ಅಲ್ಲಿ ಹಾಗೇ ಇವೆ, ಏನೂ ಕಳೆದುಹೋಗಿಲ್ಲ. ಅದನ್ನು ಒಂದು ಟ್ಯಾಬಿನಲ್ಲಿ ಇಟ್ಟುಕೊಂಡು, ಇನ್ನೊಂದರಲ್ಲಿ ‘ಏನಾಯಿತು’ ಕಾಲಂ ತುಂಬುತ್ತಾ ಹೋಗಿ. ಶುರುಮಾಡುವ ಮೊದಲು ಚರ್ಚೆಪುಟದಲ್ಲಿ ಅವರಿಗೆ ಎರಡು ಸಾಲು ಬರೆಯಿರಿ: ‘ನೀವು ಹೇಳಿದ್ದು ಸರಿ. ಬಣ್ಣ ಹೇಳುತ್ತಿದ್ದುದನ್ನು ಮಾತಿನಲ್ಲಿ ಬರೆಯುತ್ತಿದ್ದೇನೆ, ಲೋಪ ಸಂಧಿಯ ಸಾಲು ನಾನು ತುಂಬುತ್ತೇನೆ, ಆಗಮದ್ದು ನೀವು ನೋಡಿಕೊಳ್ಳುತ್ತೀರಾ?’ ಬಣ್ಣದ ಬಗ್ಗೆ ಇಷ್ಟು ಕಾಳಜಿ ಇರುವವರು ಇಲ್ಲ ಅನ್ನಲಾರರು.